ಮಾತು ಹೋದವರಿಗೆ ಬುದ್ಧಿ ಹೋಗಿಲ್ಲ

ಪಾವಗಡ ತಾಲ್ಲೂಕಿನ ನಮ್ಮ ತಿರುಮಣಿಯ ಹೊಲಗಳು ಸೋಲಾರ್ ಪಾರ್ಕಿಗೆ ಹೋದ ಮೇಲೆ ಗುತ್ತಿಗೆ ಹಣ ಅಪ್ಪನ ಖಾತೆಗೇ ಬರುತ್ತದೆ. ಲಕ್ವ ಹೊಡೆದು ಅಪ್ಪನ ಮಾತು ಹೋದಾಗ ಬ್ಯಾಂಕಿನವರು ನನ್ನ ಮುಖ ನೋಡಿ, 'ಇವರಿಗೆ ತಿಳಿವಳಿಕೆ ಇದೆಯಾ?' ಎಂದರು. ಪಕ್ಕದಲ್ಲೇ ಕೂತಿದ್ದ ಅಪ್ಪ ಕೋಲು ಕುಟ್ಟಿದರು. ಎಲ್ಲ ಅರ್ಥವಾಗಿತ್ತು.

ಬುದ್ಧಿ ಉಳಿದು ಹೀಗೆ ಮಾತು ಹೋಗುವುದಕ್ಕೆ ಅಫೇಸಿಯಾ ಎನ್ನುತ್ತಾರೆ. ಬಹುತೇಕರಲ್ಲಿ ಮಿದುಳಿನ ಎಡಭಾಗಕ್ಕೆ ಪೆಟ್ಟಾದಾಗ ಬರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದರ ಹೆಸರಿದೆ. ಶಾಶ್ವತವಾಗಿ ಉಳಿದರೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. ಹಳ್ಳಿಯಲ್ಲಿ ಹೇಳುವವರು ಯಾರು?

ಚಿಕಿತ್ಸೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನ ನಿಮ್ಹಾನ್ಸ್ ಇದೆ. ಪಾವಗಡದ ಕೂಲಿ ಮನೆಯವರು ವಾರವಾರ ಅಲ್ಲಿಗೆ ಹೋಗುವುದು ಆಗದ ಮಾತು. ತಿಂಗಳಿಗೆರಡು ದಿನವಾದರೂ ವಾಕ್ ಚಿಕಿತ್ಸಕರು ತಾಲ್ಲೂಕು ಆಸ್ಪತ್ರೆಗೆ ಬರಲಿ. ತೆಲುಗು ಬಲ್ಲವರಾದರೆ ಇನ್ನೂ ಒಳ್ಳೆಯದು. ನಮ್ಮ ಮನೆಮಾತು ತೆಲುಗು, ವ್ಯವಹಾರ ಕನ್ನಡ. (ಅಪ್ಪನಿಗೆ ಮೊದಲು ಮರಳಿದ್ದು ತೆಲುಗಿನ ಬೈಗುಳ!) ಉಳಿದ ದಿನಗಳಿಗೆ, ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಿರಿ, ರಾಗಿಯೋ ಅನ್ನವೋ ಎಂದು ತಟ್ಟೆ ತೋರಿಸಿ ಎಂಬಷ್ಟನ್ನು ಆಶಾ ಕಾರ್ಯಕರ್ತೆಯರೂ ಮನೆಯವರಿಗೆ ಕಲಿಸಬಲ್ಲರು.

ನೋಡಿಕೊಳ್ಳುವವರನ್ನೂ ಮರೆಯಬಾರದು. ಅಪ್ಪನ ಜೊತೆ ಆಸ್ಪತ್ರೆಗೆ ಬರುವ ಅಮ್ಮ ರಾತ್ರಿಯಿಡೀ ಮಲಗುವುದಿಲ್ಲ. ಅವಳ ಬಿಪಿಯನ್ನೂ ಅದೇ ದಿನ ನೋಡಲಿ.