ಸೇದಿದವನಿಗೆ ಜೈಲು ಬೇಡ, ಮಾರುವವನಿಗೆ ಅಂಗಡಿಯೂ ಬೇಡ

ಕಾಶಿಯಲ್ಲಿ ಸರ್ಕಾರಿ ಪರವಾನಗಿ ಪಡೆದ ಅಂಗಡಿಗೆ ಹೋಗಿ ಭಂಗಿ ಉಂಡೆ ಕೊಳ್ಳಬಹುದು. ಅದೇ ಗಿಡದ ಹೂವು ಬೆಂಗಳೂರಿನ ಕಾಲೇಜು ಹುಡುಗನ ಜೇಬಿನಲ್ಲಿ ಚಿಟಿಕೆಯಷ್ಟು ಸಿಕ್ಕರೂ ಕೇಸು. 1985ರ ಮಾದಕವಸ್ತು ನಿಯಂತ್ರಣ ಕಾಯ್ದೆ (ಎನ್‌ಡಿಪಿಎಸ್) ಗಾಂಜಾ ಎನ್ನುವುದು ಹೂಬಿಟ್ಟ, ಕಾಯಿಕಟ್ಟಿದ ತುದಿಗೆ ಮಾತ್ರ. ಬರೀ ಸೊಪ್ಪನ್ನು ಅದು ಹೊರಗಿಟ್ಟಿದೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಭಂಗಿ ಪ್ರಕರಣದ ಆರೋಪಿಯೊಬ್ಬನಿಗೆ ಜಾಮೀನು ಕೊಟ್ಟಾಗ ಹಿಡಿದದ್ದೂ ಇದೇ ಎಳೆಯನ್ನು.

ಗಾಂಜಾ ಸೇದಿದ್ದಕ್ಕೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಒಂದು ಕಿಲೋದೊಳಗಿನ 'ಅಲ್ಪ ಪ್ರಮಾಣ' ಇಟ್ಟುಕೊಂಡಿದ್ದರೆ ಜೈಲು 1 ವರ್ಷದವರೆಗೂ ಹೋದೀತು. ಶಿಕ್ಷೆಯಾಗದಿದ್ದರೂ ಪಾಸ್‌ಪೋರ್ಟ್, ಸರ್ಕಾರಿ ನೌಕರಿ ಎಂದು ಹೊರಟಾಗಲೆಲ್ಲ ಹಳೇ ಎಫ್‌ಐಆರ್ ಅಡ್ಡ ಬರುತ್ತದೆ.

ಹಾಗಾದರೆ ಹೆಂಡದಂತೆ ಇದನ್ನೂ ಮಾರಲಿ ಬಿಡಿ ಎನ್ನುವವರಿದ್ದಾರೆ. ಹೆಂಡದ ಕಥೆ ಗೊತ್ತಿರುವುದರಿಂದಲೇ ಅದು ಬೇಡ. ಪ್ರತಿ ಬಜೆಟ್ಟಿನಲ್ಲೂ ಅಬಕಾರಿ ವರಮಾನಕ್ಕೆ ಗುರಿ ಹಾಕಿಕೊಳ್ಳುವ ಸರ್ಕಾರ, ಇನ್ನೊಂದು ಅಮಲು ಕೈಗೆ ಸಿಕ್ಕರೆ ಅದಕ್ಕೂ ಗುರಿ ಹಾಕದೆ ಇದ್ದೀತೆ? ಥಾಯ್ಲೆಂಡ್ 2022ರಲ್ಲಿ ಗಾಂಜಾವನ್ನು ಮಾದಕವಸ್ತುಗಳ ಪಟ್ಟಿಯಿಂದ ತೆಗೆಯಿತು. ಸರಿಯಾದ ನಿಯಮ ಬರುವ ಮೊದಲೇ ಸಾವಿರಾರು ಅಂಗಡಿಗಳು ಎದ್ದವು. ಮೂರೇ ವರ್ಷದಲ್ಲಿ, 2025ರ ಜೂನ್‌ನಲ್ಲಿ, ವೈದ್ಯರ ಚೀಟಿಯಿಲ್ಲದೆ ಮಾರಕೂಡದು ಎಂದು ಅಲ್ಲಿನ ಸರ್ಕಾರ ಹಿಂದೆ ಸರಿಯಿತು.

ಪೋರ್ಚುಗಲ್ ಹಿಡಿದ ದಾರಿಯೇ ಬೇರೆ. 1990ರ ದಶಕದಲ್ಲಿ ಅದು ಹೆರಾಯಿನ್‌ನಿಂದ ತತ್ತರಿಸಿದ ದೇಶ. 2001ರಲ್ಲಿ ಅಲ್ಲಿ ಹತ್ತು ದಿನದ ಸ್ವಂತ ಬಳಕೆಗೆ ಆಗುವಷ್ಟು ಮಾದಕವಸ್ತು ಇಟ್ಟುಕೊಳ್ಳುವುದು ಕ್ರಿಮಿನಲ್ ಅಪರಾಧವಲ್ಲ ಎಂದಾಯಿತು. ಮಾರಾಟ ಮಾತ್ರ ಅಪರಾಧವಾಗಿಯೇ ಉಳಿಯಿತು. ಸಿಕ್ಕಿಬಿದ್ದವನು ಈಗ ಹೋಗುವುದು ಕೋರ್ಟಿಗಲ್ಲ, ಆರೋಗ್ಯ ಇಲಾಖೆಯಡಿಯ ಸಮಿತಿಯ ಮುಂದೆ. ಕಾನೂನು ಬಲ್ಲವರು, ಮನಃಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಎದುರು ಕೂತು ಮಾತಾಡಿಸುತ್ತಾರೆ. ವ್ಯಸನಿಗಳಲ್ಲಿ ವರ್ಷಕ್ಕೆ ಸಾವಿರದ ಆಸುಪಾಸಿನಲ್ಲಿದ್ದ ಹೊಸ ಎಚ್‌ಐವಿ ಸೋಂಕು ಎರಡು ದಶಕದಲ್ಲಿ ಎರಡಂಕಿಗೆ ಇಳಿಯಿತು.

ಅಮೆರಿಕದ ಆರೆಗನ್ ರಾಜ್ಯ 2021ರಲ್ಲಿ ಇದರ ಅರ್ಧವನ್ನಷ್ಟೇ ಕಲಿತಿತು. ಜೈಲು ತೆಗೆದು 100 ಡಾಲರ್ ದಂಡದ ಚೀಟಿ ಇಟ್ಟಿತು. ಸಹಾಯವಾಣಿಗೆ ಫೋನ್ ಮಾಡಿದರೆ ಅದೂ ಮಾಫಿ. ಫೋನ್ ಮಾಡಿದವರು ಬೆರಳೆಣಿಕೆಯಷ್ಟು, ಚಿಕಿತ್ಸೆಯ ಹಣ ತಲುಪಿದ್ದು ತಡವಾಗಿ, ಅಷ್ಟರಲ್ಲಿ ಬೀದಿಗೆ ಫೆಂಟನಿಲ್ ಎಂಬ ಮಾರಕ ಅಮಲು ಬಂದಾಗಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಜೈಲುಶಿಕ್ಷೆ ಮರಳಿತು.

ನಮ್ಮ ಕಾಯ್ದೆಯಲ್ಲೂ ಒಂದು ಕಿಂಡಿಯಿದೆ. ಅಲ್ಪ ಪ್ರಮಾಣದೊಂದಿಗೆ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಮೊಕದ್ದಮೆ ಬೇಡ ಎನ್ನುತ್ತದೆ 64ಎ ಕಲಮು. ಠಾಣೆಯಲ್ಲಿ ಕೂತ ಹುಡುಗನಿಗಾಗಲಿ, ಓಡಿಬಂದ ಅಪ್ಪನಿಗಾಗಲಿ ಇದನ್ನು ಹೇಳುವವರಾರು? ಹೇಳಿದರೂ, ನಿಮ್ಹಾನ್ಸ್‌ನಂಥ ವ್ಯಸನ ಚಿಕಿತ್ಸಾ ವಿಭಾಗ ಯಾದಗಿರಿಯವನಿಗೆ ರಾತ್ರಿಯಿಡೀ ಬಸ್ಸಿನ ದೂರ.

ಬಳಸಿದವನ ಜೈಲುಶಿಕ್ಷೆ ತೆಗೆಯಲು ಸಂಸತ್ತೇ ಕಾಯ್ದೆ ತಿದ್ದಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಮನೋವೈದ್ಯರನ್ನು ಕೂರಿಸಲು, 64ಎ ಕಲಮನ್ನು ಕನ್ನಡದಲ್ಲಿ ಬರೆಸಿ ಪ್ರತಿ ಠಾಣೆಯ ಗೋಡೆಗೆ ಹಚ್ಚಲು ದೆಹಲಿಯ ಅಪ್ಪಣೆ ಬೇಕಿಲ್ಲ.