ಟ್ಯಾಂಕಿಗೆ ಮೀನು ಬಿಡುವ ಮೊದಲು

ಸೇಲಂನಲ್ಲಿ ಹಿಂಗಾರು ಮಳೆ ಶುರುವಾಗಿ ಡೆಂಗ್ಯೂ ಸುದ್ದಿ ಬಂದರೆ ಸಾಕು, ಉಪ್ಪನ ಅಂಗಡಿಯಲ್ಲಿ ನುಸಿ ಬತ್ತಿ ಖರ್ಚಾಗುವುದು ಎರಡು ಪಟ್ಟಾಗುತ್ತದೆ. ಅದರ ಜೊತೆಗೆ ಒಂದು ಪ್ರಶ್ನೆಯೂ ಬರುತ್ತದೆ: "ತಂಬಿ, ತೊಟ್ಟಿಗೆ ಮೀನು ಬಿಟ್ಟರೆ ಕೊಸು ಹೋಗುತ್ತದಂತೆ, ಯಾವ ಮೀನು ಬಿಡಲಿ?" ಊರಿನಿಂದ ಫೋನ್ ಮಾಡುವ ನೆಂಟರೂ ಇದನ್ನೇ ಕೇಳುತ್ತಾರೆ, ಅವರದ್ದು ಬಾವಿಯ ವಿಷಯ. ನಾನು ಡಾಕ್ಟರನೂ ಅಲ್ಲ, ಮೀನುಗಾರಿಕೆ ಇಲಾಖೆಯವನೂ ಅಲ್ಲ, ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು. ಆದರೆ ನೀರು ಎಲ್ಲಿಂದ ಬರುತ್ತದೆ, ತುಂಬಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ನೋಡುವುದು ನಮ್ಮ ಕಸುಬಿನ ಅಭ್ಯಾಸ. ಈ ವಿಷಯದಲ್ಲಿ ಜನ ಮರೆಯುವುದು ಅದನ್ನೇ.

ಮೊದಲು ಇಲ್ಲಿನ ಪರಿಸ್ಥಿತಿ ಹೇಳುತ್ತೇನೆ. ಸೇಲಂಗೆ ಮೆಟ್ಟೂರಿನ ನೀರು, ಧರ್ಮಪುರಿ ಕಡೆಗೆ ಹೊಗೇನಕಲ್ ಯೋಜನೆಯ ನೀರು. ಎರಡೂ ಕಾವೇರಿಯದ್ದೇ. ನಲ್ಲಿಯಲ್ಲಿ ದಿನವೂ ನೀರು ಬಾರದ ಮನೆಯಲ್ಲಿ ಸಂಪು, ಸಿಮೆಂಟ್ ತೊಟ್ಟಿ, ಡ್ರಮ್ಮು, ಸಾಲು ಸಾಲು ಪ್ಲಾಸ್ಟಿಕ್ ಕೊಡ ಇದ್ದೇ ಇರುತ್ತದೆ. ಡೆಂಗ್ಯೂ ಹರಡುವ ಈಡಿಸ್ ನುಸಿಗೆ ಬೇಕಾದದ್ದು ಚರಂಡಿಯಲ್ಲ, ಹೀಗೆ ನಿಂತ ಸ್ವಚ್ಛ ನೀರು. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಸುಮಾರು 7ರಿಂದ 10 ದಿನ. ನೀರನ್ನು ಅಷ್ಟು ದಿನ ಮುಚ್ಚದೆ ಇಟ್ಟರೆ ನಾವೇ ನುಸಿ ಸಾಕಿದ ಹಾಗೆ.

ಮೀನು ಎಂದ ಕೂಡಲೇ ಎಲ್ಲರ ಬಾಯಲ್ಲಿ ಬರುವ ಹೆಸರು ಗಾಂಬೂಸಿಯಾ. ಅಮೆರಿಕದ ಈ ಮೀನು 1928ರಲ್ಲಿ ಇಟಲಿಯ ಮೂಲಕ ಭಾರತಕ್ಕೆ ಬಂತು, ಬಂದದ್ದೇ ಮಲೇರಿಯಾ ತಡೆಗೆಂದು. ಬೆಳೆದ ಒಂದು ಮೀನು ದಿನಕ್ಕೆ 100ರಿಂದ 300 ನುಸಿಮರಿ ತಿನ್ನುತ್ತದೆ ಎಂಬುದು ಸರಕಾರದ ಲೆಕ್ಕ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಕೋಲಾರ ಕಡೆಯ ಹಳ್ಳಿಗಳಲ್ಲೂ ಮಲೇರಿಯಾ ಸಂಶೋಧಕರು ಬಾವಿಗಳಿಗೆ ಗಪ್ಪಿ, ಗಾಂಬೂಸಿಯಾ ಬಿಟ್ಟು ನುಸಿಮರಿ ಕಡಿಮೆಯಾಯಿತು, ಜ್ವರವೂ ಇಳಿಯಿತು ಎಂದು ವರದಿ ಮಾಡಿದ್ದಾರೆ.

ಆದರೆ ಮರಿ ಕಡಿಮೆಯಾಗುವುದು ಒಂದು, ಕಾಯಿಲೆ ಕಡಿಮೆಯಾಗುವುದು ಇನ್ನೊಂದು. 2013ರಲ್ಲಿ ಬಂದು 2017ರಲ್ಲಿ ಪರಿಷ್ಕೃತವಾದ ಕಾಕ್ರೇನ್ ಸಮೀಕ್ಷೆ ಇಂಥ ಅಧ್ಯಯನಗಳನ್ನೆಲ್ಲ ಜಾಲಾಡಿತು. ಮೀನು ಬಿಟ್ಟದ್ದರಿಂದಲೇ ಮನುಷ್ಯರಲ್ಲಿ ಮಲೇರಿಯಾ ಇಳಿಯಿತು ಎನ್ನಲು ಗಟ್ಟಿ ಪುರಾವೆ ಅದಕ್ಕೆ ಸಿಗಲಿಲ್ಲ. ಹಾಗಾಗಿ ಮೀನು ಒಂದು ಸಹಾಯ ಅಷ್ಟೆ. ಅದನ್ನೇ ನಂಬಿ ಮುಚ್ಚಳ ತೆರೆದಿಡುವುದು ಬುದ್ಧಿವಂತಿಕೆಯಲ್ಲ.

ಗಾಂಬೂಸಿಯಾ ಬಗ್ಗೆ ನನ್ನ ದೊಡ್ಡ ತಕರಾರು ಬೇರೆ ಇದೆ. ಇದು ನುಸಿಮರಿ ಮಾತ್ರ ತಿಂದು ಸುಮ್ಮನಿರುವ ಮೀನಲ್ಲ. ಕಪ್ಪೆಯ ಮೊಟ್ಟೆ, ಗೊದಮೊಟ್ಟೆ, ಬೇರೆ ಮೀನಿನ ಮರಿ, ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ತನಗಿಂತ ದೊಡ್ಡ ಮೀನಿನ ರೆಕ್ಕೆಯನ್ನೂ ಕಚ್ಚುತ್ತದೆ. ಗೊದಮೊಟ್ಟೆಯನ್ನು ಮುಗಿಸಿದರೆ ನಾಳೆ ನುಸಿ ಹಿಡಿಯುವ ಕಪ್ಪೆ ಎಲ್ಲಿಂದ ಬರಬೇಕು? ಮೊಟ್ಟೆ ಇಡದೆ ನೇರವಾಗಿ ಮರಿ ಹಾಕುವ ಜಾತಿಯಾದ್ದರಿಂದ ಸಂತಾನವೂ ಬೇಗ ಬೆಳೆಯುತ್ತದೆ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಒಂದು ಇಲಾಖೆಯವರು ಚೀಲದಲ್ಲಿ ತಂದು ಹಂಚುವ ಮೀನನ್ನು, ನಮ್ಮದೇ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಹಾನಿಕರ ವಿದೇಶಿ ಜೀವಿಗಳ ಪಟ್ಟಿಯಲ್ಲಿ ಇಟ್ಟಿದೆ.

"ನಮ್ಮ ಟ್ಯಾಂಕಿಯಲ್ಲಿರುವ ಮೀನು ಹೊಳೆಗೆ ಹೇಗೆ ಹೋಗುತ್ತದೆ?" ಎಂದು ಕೇಳಬಹುದು. ಮೋಟಾರು ಆಫ್ ಮಾಡಲು ಮರೆತ ದಿನ ನೀರು ಉಕ್ಕಿ ಎಲ್ಲಿಗೆ ಹೋಗುತ್ತದೋ ಮೀನೂ ಅಲ್ಲಿಗೇ. ಸೇಲಂನ ಚರಂಡಿ ನೀರು ತಿರುಮಣಿಮುತ್ತಾರಿಗೆ ಸೇರುತ್ತದೆ, ಅದು ಮುಂದೆ ಕಾವೇರಿಗೆ. ಪರದೇಶದ ಮೀನು ಒಮ್ಮೆ ಹೊಳೆ ಸೇರಿದರೆ ಏನಾಗುತ್ತದೆ ಎನ್ನುವುದಕ್ಕೆ ಇಲ್ಲಿಯವರಿಗೆ ಉದಾಹರಣೆ ಬೇಕಿಲ್ಲ. ತಮಿಳರು ಜಿಲೇಬಿ ಎಂದು ಕರೆಯುವ ತಿಲಾಪಿಯಾ ಆಫ್ರಿಕಾದ ಮೀನು, 1952ರಲ್ಲಿ ದೇಶಕ್ಕೆ ಬಂದದ್ದು. ಇವತ್ತು ಅದಿಲ್ಲದ ಕೆರೆ ಹುಡುಕಬೇಕು. ಅದನ್ನಾದರೂ ಹುರಿದು ತಿನ್ನಬಹುದು. ಗಾಂಬೂಸಿಯಾ ಎರಡು ಇಂಚಿನ ಮೀನು, ಅದರಿಂದ ಆ ಲಾಭವೂ ಇಲ್ಲ.

ಹಾಗಾದರೆ ಗಪ್ಪಿ? ಅಕ್ವೇರಿಯಂ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಕೊಳಕು ನೀರಲ್ಲೂ ಬದುಕುತ್ತದೆ, ಗಾಂಬೂಸಿಯಾದಷ್ಟು ಜಗಳಗಂಟಿಯಲ್ಲ. ಆದರೆ ಅದೂ ದಕ್ಷಿಣ ಅಮೆರಿಕದ್ದು, ಅದೂ ಮರಿ ಹಾಕುವ ಜಾತಿ, ಅದೂ ಆ ಪಟ್ಟಿಯಲ್ಲಿದೆ. ನಾಲ್ಕು ಗೋಡೆಯೊಳಗಿನ ಸಿಮೆಂಟ್ ತೊಟ್ಟಿಗೆ ಆಗಬಹುದು. ಬಾವಿಗೆ, ಕೆರೆಗೆ, ತೋಡಿಗೆ ಬೇಡ.

ನನ್ನ ಮತ ನಮ್ಮ ನೆಲದ ಮೀನಿಗೆ. ಗದ್ದೆಯ ತೋಡಿನಲ್ಲಿ, ಕೆರೆಯ ಅಂಚಿನಲ್ಲಿ ನೀರಿನ ಮೇಲ್ಭಾಗಕ್ಕೇ ಅಂಟಿಕೊಂಡಂತೆ ಈಜುವ, ನೆತ್ತಿಯ ಮೇಲೆ ಬಿಳಿ ಚುಕ್ಕೆ ಹೊಳೆಯುವ ಸಣ್ಣ ಮೀನನ್ನು ನೀವು ನೋಡಿರುತ್ತೀರಿ. ಮಲಯಾಳದಲ್ಲಿ ಅದಕ್ಕೆ ಮಾನತ್ತುಕಣ್ಣಿ ಎನ್ನುತ್ತಾರೆ, ಆಕಾಶಕ್ಕೆ ಕಣ್ಣಿಟ್ಟದ್ದು ಎಂದು. ಅಕ್ವೇರಿಯಂನವರು ಪಂಚಾಕ್ಸ್ ಎಂದು ಮಾರುತ್ತಾರೆ. ಅದರ ಬಾಯಿ ಇರುವುದೇ ಮೇಲ್ಮುಖವಾಗಿ. ಉಸಿರಾಡಲು ನುಸಿಮರಿ ಮೇಲೆ ಬರಲೇಬೇಕು. ಬಂದರೆ ಈ ಬಾಯಿಗೆ. ಮಿಷನ್ನು ಡಿಸೈನ್ ಮಾಡುವವನೂ ಇದಕ್ಕಿಂತ ಚೆನ್ನಾಗಿ ಮಾಡಲಾರ. ಮೊಟ್ಟೆ ಇಡುವ ಜಾತಿ, ತೊಟ್ಟಿಯಲ್ಲಿ ಬೇಗ ಹೆಚ್ಚುವುದಿಲ್ಲ ಎಂಬುದೊಂದು ಕೊರತೆ. ಹಾರುವ ಮೀನಾದ್ದರಿಂದ ಮೇಲೆ ಬಲೆ ಬೇಕು ಎಂಬುದು ಎರಡನೆಯದು. ಆ ಬಲೆ ನುಸಿಯನ್ನೂ ತಡೆಯುತ್ತದೆ, ಹಾಗಾಗಿ ನಷ್ಟವಿಲ್ಲ.

ಯಾವ ಮೀನಾದರೂ ಸರಿ, ಕೆಲವು ಕೆಲಸ ಮೊದಲೇ ಆಗಬೇಕು. ಓವರ್‌ಫ್ಲೋ ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಜಾಳಿಗೆ ಕಟ್ಟಿ. ಕ್ಲೋರಿನ್ ಹಾಕಿದ ಹೊಸ ನೀರಿಗೆ ಮೀನನ್ನು ನೇರ ಬಿಡಬೇಡಿ, ಒಂದು ದಿನ ತೆರೆದಿಟ್ಟು ಆಮೇಲೆ ಬಿಡಿ. ಡ್ರಮ್ಮು, ಕೊಡ, ಟೈರು, ಫ್ರಿಜ್ಜಿನ ಹಿಂದಿನ ತಟ್ಟೆ ಇವಕ್ಕೆಲ್ಲ ಮೀನಿನ ಹಂಗಿಲ್ಲ. ವಾರಕ್ಕೊಮ್ಮೆ ನೀರು ಚೆಲ್ಲಿ ಗೋಡೆಯನ್ನು ಬ್ರಷ್ಷಿನಿಂದ ಉಜ್ಜಬೇಕು. ಉಜ್ಜುವುದು ಯಾಕೆಂದರೆ ಈಡಿಸ್ ಮೊಟ್ಟೆ ನೀರಿನ ಅಂಚಿನ ಗೋಡೆಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಮುಚ್ಚಳ ಸರಿಯಾಗಿ ಕೂರುವ ಟ್ಯಾಂಕಿಗೆ ಮೀನು ಬೇಕಾಗಿಯೇ ಇಲ್ಲ.

ಊರಿನ ಹಳೆಯ ಮಸೀದಿಗಳ ಹೌಳ್‌ನಲ್ಲಿ ಮೀನು ಓಡಾಡುವುದನ್ನು ನೋಡಿ ಬೆಳೆದವರು ನಾವು. ನಿಂತ ನೀರಿನಲ್ಲಿ ಮೀನಿರಬೇಕು ಎನ್ನುವುದು ಹಿರಿಯರಿಗೆ ಯಾವ ಇಲಾಖೆಯೂ ಕಲಿಸದೆ ಗೊತ್ತಿತ್ತು. ಈಗ ಜಮಾಅತಿನವರು, ಸಂಘದವರು ಮಳೆಗಾಲಕ್ಕೆ ಮೊದಲು ಬಾವಿಗೆ, ಹೌಳ್‌ಗೆ ಮೀನು ಬಿಡುವ ಕಾರ್ಯಕ್ರಮ ಇಟ್ಟುಕೊಳ್ಳುವುದಾದರೆ ಒಳ್ಳೆಯದೇ. ಆದರೆ ಚೀಲದಲ್ಲಿರುವುದು ಯಾವ ಮೀನು ಎಂದು ಕೇಳಿ. ಗಾಂಬೂಸಿಯಾ ಎಂದರೆ ಬೇಡ ಎನ್ನಿ. ಬಿಟ್ಟ ಮೇಲೆ ಅದನ್ನು ವಾಪಸು ಹಿಡಿಯಲು ಯಾರಿಂದಲೂ ಆಗುವುದಿಲ್ಲ.