ಕಾಲಿಗೆ ಬಿಡುವು ಕೊಡದ ಬೈಸಿಕಲ್ಲು



ಬೆಂಗಳೂರಿನ ಗೃಹಸ್ಥರೊಬ್ಬರು ನಮಗೆ ಬರೆದಿರುವ ಪತ್ರದಲ್ಲಿ ವಿಚಾರಾರ್ಹವಾದ ಪ್ರಶ್ನೆಯೊಂದುಂಟು. ಅವರ ಮಗನು ಕಾಲೇಜಿಗೆ ಹೋಗಿಬರುವುದಕ್ಕಾಗಿ ಬೈಸಿಕಲ್ಲನ್ನು ಬೇಡುತ್ತಿದ್ದಾನೆ. ಅದಾದರೋ ಸಾಧಾರಣವಾದುದಲ್ಲ, 'ಫಿಕ್ಸೆಡ್ ಗಿಯರ್' ಎಂಬ ಜಾತಿಯದು. ಗಿಯರುಗಳ ಗೊಂದಲವಿಲ್ಲ, ನೋಟಕ್ಕೆ ಸರಳ, ಬ್ರೇಕು ಸಹ ಅನಾವಶ್ಯಕ, ಆದುದರಿಂದ ಬೆಲೆಯೂ ಕಡಮೆ ಎಂಬುದು ಮಗನ ವಾದ. ಬ್ರೇಕಿಲ್ಲದ ಗಾಡಿಯನ್ನು ಹಣ ಕೊಟ್ಟು ಮನೆಗೆ ತರುವುದುಂಟೆ ಎಂಬುದು ತಾಯಿಯ ಆಕ್ಷೇಪ. ಮಿತವಾದ ಬೆಲೆಗೆ ಇಂತಹುದನ್ನು ಕೊಳ್ಳಬಹುದೆ, ಕೊಳ್ಳುವುದಾದರೆ ಏನೇನನ್ನು ಪರೀಕ್ಷಿಸಬೇಕು ಎಂದು ತಂದೆ ಕೇಳಿದ್ದಾರೆ. ಪ್ರಶ್ನೆಯು ಒಂದು ಮನೆಯದಾದರೂ ಉತ್ತರವು ಹಲವು ಮನೆಗಳಿಗೆ ಉಪಯುಕ್ತವಾದೀತೆಂದು ಈ ತಿಂಗಳ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಮೊದಲು ವಸ್ತುವಿನ ಲಕ್ಷಣವನ್ನು ತಿಳಿಯೋಣ. ಸಾಧಾರಣ ಬೈಸಿಕಲ್ಲಿನ ಹಿಂದಿನ ಗಾಲಿಯಲ್ಲಿ ಫ್ರೀವೀಲು ಎಂಬ ಅಂಗವಿರುವುದಷ್ಟೆ. ಇಳಿಜಾರಿನಲ್ಲಿ ನಾವು ಕಾಲನ್ನು ನಿಲ್ಲಿಸಿದರೂ ಗಾಲಿಯು ಕಟಕಟನೆ ಸದ್ದು ಮಾಡುತ್ತ ತನ್ನ ಪಾಡಿಗೆ ತಿರುಗುವುದು ಅದರ ದೆಸೆಯಿಂದ. ಫಿಕ್ಸೆಡ್ ಗಿಯರಿನಲ್ಲಿ ಈ ಅಂಗವಿಲ್ಲ. ಹಲ್ಲುಚಕ್ರವು ಗಾಲಿಯ ನಡುವಣ ಹಬ್‌ಗೆ ನೇರವಾಗಿ ಬಿಗಿಯಲ್ಪಟ್ಟಿರುತ್ತದೆ. ಗಾಲಿ ತಿರುಗುವವರೆಗೂ ಪೆಡಲು ತಿರುಗಲೇಬೇಕು. ಪೆಡಲು ತಿರುಗುವವರೆಗೂ ಕಾಲು ಆಡಲೇಬೇಕು. ತರ್ಕಶಾಸ್ತ್ರದಲ್ಲಿ ಸಂಯೋಗವೆಂದೂ ಸಮವಾಯವೆಂದೂ ಎರಡು ಸಂಬಂಧಗಳನ್ನು ಹೇಳುತ್ತಾರೆ. ಬೇರ್ಪಡಬಲ್ಲ ಎರಡು ವಸ್ತುಗಳ ಕೂಟವು ಸಂಯೋಗ. ಬಟ್ಟೆಗೂ ಅದರ ನೂಲಿಗೂ ಇರುವಂತಹ, ಬಿಡಿಸಲಾಗದ ಸಂಬಂಧವು ಸಮವಾಯ. ಸಾಧಾರಣ ಬೈಸಿಕಲ್ಲಿನಲ್ಲಿ ಸವಾರನ ಕಾಲಿಗೂ ಗಾಲಿಗೂ ಇರುವುದು ಸಂಯೋಗ ಮಾತ್ರ, ಇದರಲ್ಲಾದರೋ ಸಮವಾಯ. ಈ ಗಾಡಿಯ ಗುಣಗಳೂ ದೋಷಗಳೂ ಇದೊಂದರಿಂದಲೇ ಹುಟ್ಟತಕ್ಕವು.

ಇದು ಹೊಸ ಕಲ್ಪನೆಯೇನೂ ಅಲ್ಲ. ಇಂಗ್ಲೆಂಡಿನ ಕವೆಂಟ್ರಿ ಪಟ್ಟಣದಲ್ಲಿ ಜಾನ್ ಕೆಂಪ್ ಸ್ಟಾರ್ಲಿಯವರು 1885ರಲ್ಲಿ ತಯಾರಿಸಿದ 'ರೋವರ್' ಬೈಸಿಕಲ್ಲು ಇಂದಿನ ಎಲ್ಲ ಬೈಸಿಕಲ್ಲುಗಳಿಗೂ ಮಾದರಿಯೆನಿಸಿದೆ. ಅದೂ ಇದೇ ಜಾತಿಯದು. ಫ್ರೀವೀಲು ಬಳಕೆಗೆ ಬಂದುದು ಅನಂತರ. ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಗಿಯರು ಬದಲಿಸುವ ಯಂತ್ರಕ್ಕೆ 1937ರವರೆಗೆ ಅನುಮತಿಯಿರಲಿಲ್ಲ; ಬೆಟ್ಟದ ಬುಡದಲ್ಲಿ ಸವಾರರು ಇಳಿದು, ಹಿಂದಿನ ಗಾಲಿಯನ್ನೇ ಕಳಚಿ ತಿರುಗಿಸಿ ಹಾಕಿಕೊಂಡು, ಇನ್ನೊಂದು ಪಕ್ಕದ ಹಲ್ಲುಚಕ್ರದಿಂದ ಏರನ್ನು ಹತ್ತುತ್ತಿದ್ದರು. ಜಪಾನಿನಲ್ಲಿ 1948ರಲ್ಲಿ ಕೊಕುರ ಪಟ್ಟಣದಲ್ಲಿ ಮೊದಲಾದ 'ಕೇರಿನ್' ಪಂದ್ಯಗಳು ಇಂದಿಗೂ ಬ್ರೇಕಿಲ್ಲದ ಇಂತಹ ಬೈಸಿಕಲ್ಲುಗಳಲ್ಲೇ ನಡೆಯುತ್ತವೆ. ಮುಂದೆ ನ್ಯೂಯಾರ್ಕಿನಂತಹ ನಗರಗಳಲ್ಲಿ ಕಾಗದಪತ್ರಗಳನ್ನು ಮುಟ್ಟಿಸುವ ಕೆಲಸದವರು, ಕೆಡುವ ಭಾಗಗಳು ಕಡಮೆಯೆಂದು ಪಂದ್ಯದ ಗಾಡಿಯನ್ನು ಬೀದಿಗೆ ತಂದರು. ಅವರನ್ನು ಕಂಡು ತರುಣರಿಗೆ ಅದು ಮೆಚ್ಚಾಯಿತು.

ಬ್ರೇಕಿನ ವಿಚಾರದಲ್ಲಿ ಭ್ರಮೆಯು ಹುಟ್ಟುವುದು ಇಲ್ಲಿಯೇ. ಪಂದ್ಯದ ಅಂಗಳದಲ್ಲಿ ಬ್ರೇಕಿಲ್ಲದಿರುವುದಕ್ಕೆ ಕಾರಣವುಂಟು. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಸಾಗುವರು. ಅಡ್ಡ ಬರುವ ದನವಿಲ್ಲ, ಬಸ್ಸಿಲ್ಲ, ಶಾಲೆ ಬಿಟ್ಟು ಓಡಿಬರುವ ಮಕ್ಕಳಿಲ್ಲ. ಮುಂದಿನವನು ತಟ್ಟನೆ ಬ್ರೇಕು ಹಿಡಿದರೆ ಹಿಂದಿನವರು ಅವನ ಮೇಲೆ ಬೀಳುವರು. ಆದುದರಿಂದ ಬ್ರೇಕಿಲ್ಲದಿರುವುದೇ ಅಲ್ಲಿ ಕ್ಷೇಮ. ಬೀದಿಯಲ್ಲಿ ಈ ಕಾರಣಗಳಲ್ಲಿ ಒಂದೂ ಇಲ್ಲ. ದೃಷ್ಟಾಂತಕ್ಕೂ ಪ್ರಕೃತಕ್ಕೂ ಸಾಮ್ಯವಿಲ್ಲದಿರುವಾಗ ದೃಷ್ಟಾಂತದಿಂದ ಏನನ್ನೂ ಸಾಧಿಸಲಾಗದು.

ಪೆಡಲನ್ನು ಕಾಲಿನಿಂದ ಎದುರಾಗಿ ಒತ್ತಿ ವೇಗವನ್ನು ತಗ್ಗಿಸಬಹುದೆಂಬುದು ನಿಜ. ಆದರೆ ಆ ತಡೆಯು ಹಿಂದಿನ ಗಾಲಿಗೆ ಮಾತ್ರ ತಗಲುವುದು. ಓಡುವ ಗಾಡಿಯನ್ನು ತಡೆದಾಗ ಭಾರವೆಲ್ಲವೂ ಮುಂದಕ್ಕೆ ವಾಲಿ ಹಿಂದಿನ ಗಾಲಿಯು ಹಗುರವಾಗುತ್ತದೆ. ಹಗುರವಾದ ಗಾಲಿಯು ನೆಲವನ್ನು ಹಿಡಿಯದೆ ಜಾರುತ್ತದೆ. ಮುಂದಿನ ಬ್ರೇಕಿನಿಂದ ಎಷ್ಟು ದೂರದಲ್ಲಿ ನಿಲ್ಲಬಹುದೋ ಅದಕ್ಕಿಂತ ಬಹಳ ಹೆಚ್ಚಿನ ದೂರವು ಕಾಲಿನ ತಡೆಗೆ ಬೇಕು. ಚೈನು ಕಳಚಿತೆಂದರೆ ಅದೂ ಇಲ್ಲ.

ಬ್ರಿಟನ್ನಿನಲ್ಲಿ 1983ರ ನಿಯಮಗಳ ಪ್ರಕಾರ ಬೀದಿಯಲ್ಲಿ ಓಡುವ ಫಿಕ್ಸೆಡ್ ಗಿಯರಿಗೆ ಮುಂದಿನ ಗಾಲಿಯ ಬ್ರೇಕು ಕಡ್ಡಾಯ. ಹಾಗಿದ್ದರೂ 2016ರ ಫೆಬ್ರವರಿಯಲ್ಲಿ ಲಂಡನ್ನಿನ ಬೀದಿಯೊಂದರಲ್ಲಿ, ಮುಂದಿನ ಬ್ರೇಕಿಲ್ಲದ ಇಂತಹ ಬೈಸಿಕಲ್ಲೊಂದು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರಿಗೆ ಡಿಕ್ಕಿ ಹೊಡೆಯಿತು. ಎರಡು ಮಕ್ಕಳ ತಾಯಿಯಾಗಿದ್ದ ಆಕೆ ಕೆಲವು ದಿನಗಳಲ್ಲಿ ತೀರಿಕೊಂಡರು. ಸವಾರನು ಹದಿನೆಂಟು ವರುಷದ ಹುಡುಗ. 2017ರಲ್ಲಿ ಅವನಿಗೆ ಹದಿನೆಂಟು ತಿಂಗಳ ಸೆರೆಯಾಯಿತು. ಬೈಸಿಕಲ್ ಸವಾರರಿಗೆಂದೇ ಮಾಡಿದ ತಕ್ಕ ಕಾಯಿದೆಯಿಲ್ಲದೆ, ಕುದುರೆಗಾಡಿಗಳ ಕಾಲದ 1861ರ ಶಾಸನವನ್ನು ನ್ಯಾಯಸ್ಥಾನವು ಆಶ್ರಯಿಸಬೇಕಾಯಿತು. ಒಂದು ಬ್ರೇಕು ಇಲ್ಲದಿದ್ದುದರ ಸಲುವಾಗಿ ಎರಡು ಮನೆಗಳು ಕೆಟ್ಟುದನ್ನು ತಾಯಂದಿರೂ ತರುಣರೂ ಒಟ್ಟಿಗೆ ಕುಳಿತು ಆಲೋಚಿಸಬೇಕು. ಆನೆಯನ್ನೇ ಮಾರಿದ ಮೇಲೆ ಅಂಕುಶಕ್ಕೇಕೆ ಜಗಳ ಎಂಬ ಭಾವದ ಲೋಕೋಕ್ತಿಯೊಂದು ಸಂಸ್ಕೃತದಲ್ಲುಂಟು. ಕೊಳ್ಳುವವನಿಗೂ ಅದೇ ಮಾತು: ಆನೆಗೆ ಹಣ ಸುರಿದು ಅಂಕುಶದಲ್ಲಿ ಉಳಿಸಲು ಹೊರಟವನನ್ನು ಜಾಣನೆನ್ನಲಾಗದು.

ಹಾಗಾದರೆ ಕೊಳ್ಳಲೇಬಾರದೆ? ಹಾಗೆ ಹೇಳುವುದಿಲ್ಲ. ಸಮತಲವಾದ ಬೀದಿಗಳಲ್ಲಿ ಇದು ನಿಜವಾಗಿಯೂ ಮಿತವ್ಯಯದ ವಾಹನ. ರಿಪೇರಿಯ ಖರ್ಚು ಸ್ವಲ್ಪ, ಕಾಲಿಗೆ ಒಳ್ಳೆಯ ವ್ಯಾಯಾಮ. ಆದರೆ ಮಂಗಳೂರು, ಮಡಿಕೇರಿಗಳಂತಹ ಏರಿಳಿತದ ಊರುಗಳಿಗೆ ಇದು ಸಲ್ಲದು. ಕೊಳ್ಳುವವರು ನೋಡತಕ್ಕ ಅಂಶಗಳನ್ನು ಕ್ರಮವಾಗಿ ಹೇಳುತ್ತೇವೆ.

ಮೊದಲನೆಯದು ಹಿಂದಿನ ಹಬ್. ಒಂದು ಪಕ್ಕದಲ್ಲಿ ಫಿಕ್ಸೆಡ್ ಹಲ್ಲುಚಕ್ರವನ್ನೂ ಇನ್ನೊಂದು ಪಕ್ಕದಲ್ಲಿ ಫ್ರೀವೀಲನ್ನೂ ಹಾಕಬಹುದಾದ 'ಫ್ಲಿಪ್‌ಫ್ಲಾಪ್' ಹಬ್ ದೊರೆಯುತ್ತದೆ, ಅದನ್ನೇ ಆರಿಸಬೇಕು. ಹುಡುಗನಿಗೆ ರೂಢಿಯಾಗದಿದ್ದರೆ ಗಾಲಿಯನ್ನು ತಿರುಗಿಸಿ ಹಾಕಿದರೆ ಸಾಕು, ಸಾಧಾರಣ ಬೈಸಿಕಲ್ಲಾಗುವುದು, ಹಣ ವ್ಯರ್ಥವಾಗದು. ಫ್ರೀವೀಲಿನ ಕಡೆಯಿಂದ ಓಡಿಸುವಾಗ ಕಾಲಿನ ತಡೆಯು ಇರುವುದಿಲ್ಲವಾದುದರಿಂದ ಮುಂದೆಯೂ ಹಿಂದೆಯೂ ಎರಡು ಬ್ರೇಕುಗಳಿರಬೇಕು.

ಎರಡನೆಯದು ಲಾಕ್‌ರಿಂಗು. ಹಲ್ಲುಚಕ್ರವು ಬಲಕ್ಕೆ ತಿರುಗಿಸಿ ಬಿಗಿಯುವ ತಿರುಪಿನದು. ಅದರ ಮೇಲೆ ಕೂರುವ ಲಾಕ್‌ರಿಂಗು ಎಡತಿರುಪಿನದು. ಕಾಲಿನಿಂದ ತಡೆದಾಗ ಹಲ್ಲುಚಕ್ರವು ಬಿಚ್ಚಿಕೊಳ್ಳಲು ಹೊರಟರೆ ಆ ಚಲನೆಯೇ ಲಾಕ್‌ರಿಂಗನ್ನು ಮತ್ತಷ್ಟು ಬಿಗಿಮಾಡುವುದು. ಅಗ್ಗವಾಗಲೆಂದು ಹಳೆಯ ಬೈಸಿಕಲ್ಲಿನ ಫ್ರೀವೀಲನ್ನು ತೆಗೆದು ಅಲ್ಲಿಗೆ ಫಿಕ್ಸೆಡ್ ಹಲ್ಲುಚಕ್ರವನ್ನು ತಿರುಪಿ ಕೊಡುವುದುಂಟು. ಫ್ರೀವೀಲಿಗೇ ಬೆಸುಗೆ ಹಾಕುವುದೂ ಉಂಟು. ಆ ಹಬ್‌ನಲ್ಲಿ ಲಾಕ್‌ರಿಂಗಿಗೆ ಸ್ಥಾನವೇ ಇಲ್ಲವಾದುದರಿಂದ ಅವಸರದ ಸಮಯದಲ್ಲಿ ಅದು ಕಳಚಿಕೊಳ್ಳುವುದು. ಇದು ಸರ್ವಥಾ ಕೂಡದು. ಹಳೆಯ ಉಕ್ಕಿನ ಫ್ರೇಮನ್ನೇ ಉಪಯೋಗಿಸಬೇಕೆಂಬ ಆಶೆಯಿದ್ದರೆ, ಸರಿಯಾದ ಹಬ್‌ನಿಂದ ಹೆಣೆದ ಹಿಂದಿನ ಗಾಲಿಯನ್ನೇ ಹಾಕಿಸತಕ್ಕದ್ದು.

ಮೂರನೆಯದು ಹಲ್ಲುಗಳ ಲೆಕ್ಕ. ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಗಾಲಿಯು 2.44 ಸುತ್ತು ತಿರುಗುತ್ತದೆ. ಗಾಲಿಯ ಸುತ್ತಳತೆ ಸುಮಾರು 2.1 ಮೀಟರು, ಆದುದರಿಂದ ಒಂದು ತುಳಿತದ ಸುತ್ತಿಗೆ ಸುಮಾರು 5.1 ಮೀಟರು ಮುಂದೆ ಹೋಗುವೆವು. ಗಂಟೆಗೆ 20 ಕಿಲೋಮೀಟರು ವೇಗದಲ್ಲಿ ಕಾಲು ನಿಮಿಷಕ್ಕೆ ಸುಮಾರು 65 ಸುತ್ತು ಆಡುವುದು. ಇಳಿಜಾರಿನಲ್ಲಿ ವೇಗವು 40 ಆಯಿತೆಂದರೆ 130 ಸುತ್ತು ಆಡಲೇಬೇಕು, ನಿಲ್ಲಿಸುವಂತಿಲ್ಲ. ಬ್ರೇಕಿನ ಅಗತ್ಯವು ಈ ಲೆಕ್ಕದಿಂದಲೂ ಸ್ಪಷ್ಟ. ಅಂಗಡಿಗಳಲ್ಲಿ ಕಾಣುವ 46ಕ್ಕೆ 16ರ ಜೋಡಿಯಲ್ಲಿ ಸುತ್ತಿಗೆ 6 ಮೀಟರು ದೊರೆಯುವುದಾದರೂ ಏರುವುದೂ ತಡೆಯುವುದೂ ಹೆಚ್ಚು ಪ್ರಯಾಸ. ಮಲ್ಲೇಶ್ವರದ ಏರುತಗ್ಗುಗಳಂತಹ ಸ್ಥಳದಲ್ಲಿ ಓಡಾಡುವವರಿಗೆ 44ಕ್ಕೆ 18ರ ಜೋಡಿಯೇ ಮೇಲು.

ನಾಲ್ಕನೆಯದು ಫ್ರೇಮು. ಪಂದ್ಯಕ್ಕೆಂದೇ ಮಾಡಿದ ಫ್ರೇಮಿನಲ್ಲಿ ಬ್ರೇಕು ಕೂಡಿಸಲು ಮುಂದಿನ ಫೋರ್ಕಿನಲ್ಲಿ ತೂತೇ ಇಲ್ಲದಿರಬಹುದು. ಅದನ್ನು ಮೊದಲು ನೋಡಬೇಕು. ಮಡ್‌ಗಾರ್ಡಿಗೂ 28 ಮಿಲಿಮೀಟರಿಗಿಂತ ಅಗಲವಾದ ಟಯರಿಗೂ ಎಡೆಯಿರಬೇಕು. ಇಲ್ಲವಾದರೆ ಮಳೆಗಾಲದಲ್ಲಿ ಬೆನ್ನೆಲ್ಲ ಕೆಸರು, ಗುಂಡಿಗಳಲ್ಲಿ ಟ್ಯೂಬು ಹಾಳು. ತಿರುವಿನಲ್ಲಿ ವಾಲಿದಾಗಲೂ ಪೆಡಲು ತಿರುಗುತ್ತಲೇ ಇರುವುದರಿಂದ ಅದು ನೆಲಕ್ಕೆ ಬಡಿಯದಂತೆ ಕ್ರ್ಯಾಂಕು 165 ಮಿಲಿಮೀಟರಿನಷ್ಟು ಗಿಡ್ಡವಾಗಿರುವುದು ಒಳ್ಳೆಯದು.

ಇನ್ನು ಹಣವನ್ನು ಉಳಿಸುವುದೆಲ್ಲಿ? ಬಣ್ಣದಲ್ಲಿ, ಹೆಸರಿನಲ್ಲಿ, ಶೋಭೆಗಾಗಿ ಮಾಡಿದ ಅಗಲವಾದ ರಿಮ್ಮಿನಲ್ಲಿ, ಒಂದೆರಡು ಸೇರು ತೂಕದ ಹಗುರದಲ್ಲಿ ಧಾರಾಳವಾಗಿ ಉಳಿಸಬಹುದು. ಸಾಧಾರಣ ಉಕ್ಕಿನ ಫ್ರೇಮು ಭಾರವಾದರೂ ಬಾಳಿಕೆಯದು. ಬ್ರೇಕು, ಹಬ್, ಚೈನು, ಟಯರು ಈ ನಾಲ್ಕರಲ್ಲಿ ಮಾತ್ರ ಉಳಿತಾಯವು ತರವಲ್ಲ. ಹಿಂದಿನ ಗಾಲಿಯ ನಟ್ಟು ಬಿಚ್ಚಲು ಸಾಮಾನ್ಯವಾಗಿ ಬೇಕಾಗುವ 15 ಮಿಲಿಮೀಟರಿನ ಸ್ಪ್ಯಾನರೊಂದನ್ನು ಸಹ ಆ ಲೆಕ್ಕದಲ್ಲೇ ಸೇರಿಸಿಕೊಳ್ಳಿ. ದಾರಿಯಲ್ಲಿ ಪಂಕ್ಚರಾದರೆ ಅದಿಲ್ಲದೆ ಗಾಲಿ ಕೈಗೆ ಬಾರದು.

ಗಾಡಿ ಮನೆಗೆ ಬಂದ ಮೇಲೆ ಗೃಹಿಣಿಯರು ಗಮನಿಸಬೇಕಾದುದೊಂದುಂಟು. ಸಾಧಾರಣ ಬೈಸಿಕಲ್ಲಿನ ಚೈನಿಗೆ ಬಟ್ಟೆ ಸಿಕ್ಕಿದರೆ ಕಾಲನ್ನು ನಿಲ್ಲಿಸಬಹುದು. ಇದರಲ್ಲಿ ಗಾಲಿಯ ವೇಗವೇ ಬಟ್ಟೆಯನ್ನು ಒಳಕ್ಕೆಳೆಯುವುದು. ಪಂಚೆ, ದುಪಟ್ಟ, ಸಡಿಲವಾದ ಷರಾಯಿಗಳೊಡನೆ ಇದನ್ನು ಏರತಕ್ಕದ್ದಲ್ಲ. ಗಾಲಿಯನ್ನು ತಿರುಗಿಸುತ್ತ ಚಿಂದಿಯಿಂದ ಚೈನನ್ನು ಒರೆಸುವ ಅಭ್ಯಾಸವಂತೂ ಬೆರಳಿಗೇ ಮೃತ್ಯು. ತಿರುಗುವ ಗಾಲಿಯು ಬೆರಳನ್ನು ಹಲ್ಲುಚಕ್ರಕ್ಕೆ ಸೆಳೆದರೆ ತಡೆಯುವುದು ಯಾವುದೂ ಇಲ್ಲ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದನ್ನು ತಲೆಕೆಳಗಾಗಿ ನಿಲ್ಲಿಸಿ ಬಿಟ್ಟುಹೋಗಬಾರದು.

ಸವಾರಿಯನ್ನು ಕಲಿಯುವುದಕ್ಕೆ ಮೊದಲ ಕೆಲವು ದಿನ ತೆರೆದ ಮೈದಾನವೇ ಸರಿ. ಹಳೆಯ ಅಭ್ಯಾಸದಿಂದ ಕಾಲನ್ನು ನಿಲ್ಲಿಸಲು ಹೋದವನನ್ನು ಪೆಡಲು ಮೇಲಕ್ಕೆತ್ತಿ ಎಸೆಯುವುದು; ಕಾಲಿಗೆ ಆ ಬುದ್ಧಿ ಬಂದ ಮೇಲೆ ಬೀದಿಗಿಳಿಯಲಿ.

ಹುಡುಗರಿಗೆ ಇದನ್ನು ಬಿರುಸಿನ ಮಾತಿನಿಂದ ನಿಷೇಧಿಸುವುದಕ್ಕಿಂತ ಅವರನ್ನು ಕರೆದುಕೊಂಡೇ ಅಂಗಡಿಗೆ ಹೋಗಿ, ಹಬ್ಬನ್ನೂ ಲಾಕ್‌ರಿಂಗನ್ನೂ ಫೋರ್ಕಿನ ತೂತನ್ನೂ ಅವರ ಕೈಯಿಂದಲೇ ಪರೀಕ್ಷೆ ಮಾಡಿಸುವುದು ಲೇಸು. ಮುಂದಿನ ಬ್ರೇಕನ್ನು ಕೂಡಿಸಿದ ಮೇಲೆ ಬರುವ ಬೆಲೆಯೇ ಆ ಗಾಡಿಯ ಬೆಲೆಯೆಂದು ತಿಳಿಯಲಿ. ಅಷ್ಟು ಹಣ ಈ ವರುಷ ಕೂಡಿಬಾರದಿದ್ದರೆ ಇರುವ ಹಳೆಯ ಬೈಸಿಕಲ್ಲನ್ನೇ ಎಣ್ಣೆ ಬಿಟ್ಟು ಓಡಿಸಿ, ಮುಂದಿನ ವರುಷ ಕೊಳ್ಳಲಿ. ಬೀದಿ ದಾಟುವವರಿಗೆ ನಮ್ಮ ಮನೆಯ ಆಯವ್ಯಯದ ಗೊಡವೆಯಿಲ್ಲ; ಎದುರಿನ ಗಾಡಿ ನಿಲ್ಲುವುದೆಂಬ ನಂಬಿಕೆಯಿಂದಲೇ ಅವರು ಹೆಜ್ಜೆಯಿಡುತ್ತಾರೆ.